ಸ್ಪಾಸ್-12: ಎರಡು ಕೆಲಸ ಹೊತ್ತ ಒಂದು ಬಂದೂಕು

ಸೈಬರ್ ಕೆಫೆಗಳ ಕಾಲದಲ್ಲಿ ಹಾಫ್-ಲೈಫ್ ಆಡಿದವರಿಗೂ, ಆಮೇಲೆ ಮೊಬೈಲಿನಲ್ಲಿ ಫ್ರೀ ಫೈರ್ ಆಡಿದವರಿಗೂ ಚೆನ್ನಾಗಿ ಗೊತ್ತಿರುವ ಬಂದೂಕೊಂದಿದೆ. ದಪ್ಪನೆಯ ಕಪ್ಪು ಮೈ. ನಳಿಗೆಯ ಮೇಲೆ ಕಿಂಡಿ ಕಿಂಡಿಯಾದ ತಗಡಿನ ಹೊದಿಕೆ. ಭುಜಕ್ಕೆ ಆನಿಸುವ ಉಕ್ಕಿನ ಬಟ್ ಮೇಲಕ್ಕೆ ಮಡಚಿಕೊಂಡು ಕೂತಿರುತ್ತದೆ. ಅದರ ತುದಿಯಲ್ಲಿ ಒಂದು ಕೊಕ್ಕೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದರ ಹೆಸರು ಸ್ಪಾಸ್-12. ಸ್ಪಾಸ್ ಅಂದರೆ 'ಸ್ಪೆಷಲ್ ಪರ್ಪಸ್ ಆಟೋಮ್ಯಾಟಿಕ್ ಶಾಟ್‌ಗನ್'. ಇಟಲಿಯ ಬ್ರೆಶಾ ನಗರದ ಫ್ರಾಂಕಿ ಕಂಪನಿ 1979ರಿಂದ 2000ದವರೆಗೆ ತಯಾರಿಸಿದ ಶಾಟ್‌ಗನ್ ಅದು.

ಆ ಎರಡು ದಶಕಗಳಲ್ಲಿ ತಯಾರಾದ ಸ್ಪಾಸ್-12ಗಳ ಸಂಖ್ಯೆ ನಲವತ್ತು ಸಾವಿರವನ್ನೂ ಮುಟ್ಟಲಿಲ್ಲ. ಅಮೆರಿಕದ ರೆಮಿಂಗ್ಟನ್ 870 ಎಂಬ ಸಾದಾ ಶಾಟ್‌ಗನ್ 2009ರ ಹೊತ್ತಿಗೆ ಒಂದು ಕೋಟಿಯ ಗಡಿ ಮುಟ್ಟಿತ್ತು. ಪೊಲೀಸರ ಕೈಯಲ್ಲಿ, ಬೇಟೆಗಾರರ ಕೈಯಲ್ಲಿ ಇದ್ದದ್ದು ಅದೇ. ಆದರೂ ಬಂದೂಕು ಮುಟ್ಟದ ಹುಡುಗನಿಗೆ ಶಾಟ್‌ಗನ್ ಅಂದ ತಕ್ಷಣ ಕಣ್ಣ ಮುಂದೆ ಬರುವುದು ಸ್ಪಾಸ್. ಇದು ಹೇಗಾಯಿತು?

ಅದರ ಮೈಮೇಲಿನ ಒಂದೊಂದು ವಿಚಿತ್ರ ಭಾಗವೂ ಒಂದೊಂದು ನಿಜವಾದ ತೊಡಕಿಗೆ ಹುಡುಕಿದ ಉಪಾಯ. ಯಾವುದನ್ನೂ ಸುಮ್ನೆ ಶೋಕಿಗೆ ಅಂಟಿಸಿಲ್ಲ. ಆದರೆ ಎಲ್ಲ ಉಪಾಯಗಳೂ ಒಂದೇ ಬಂದೂಕಿನಲ್ಲಿ ಸೇರಿದಾಗ ಅದು ಭಾರವಾಯಿತು, ಸಿಕ್ಕುಸಿಕ್ಕಾಯಿತು. ಜೊತೆಗೆ ನೋಟಕ್ಕೆ ಬೇರೆ ಯಾವ ಬಂದೂಕಿನ ಹಾಗೂ ಇಲ್ಲದಂತಾಯಿತು. ಹೊತ್ತು ತಿರುಗುವವರಿಗೆ ಕಷ್ಟವಾದ ಗುಣಗಳೇ ಕ್ಯಾಮೆರಾಕ್ಕೆ ಹಿಡಿಸಿದವು. ಅದರ ಕಥೆಯನ್ನು ಬಿಡಿಸಿ ಹೇಳಬೇಕು ಅನಿಸಿದ್ದು ಇದಕ್ಕೇ.

ಮೊದಲು ಶಾಟ್‌ಗನ್ ಅಂದರೆ ಏನು

ರೈಫಲ್ಲಿನ ನಳಿಗೆಯ ಒಳಗೋಡೆಯಲ್ಲಿ ಸುರುಳಿ ಗೆರೆಗಳಿರುತ್ತವೆ. ಅವು ಒಂದೇ ಗುಂಡನ್ನು ಗಿರ್ರನೆ ತಿರುಗಿಸಿ ದೂರಕ್ಕೆ ನೇರವಾಗಿ ಕಳಿಸುತ್ತವೆ. ಶಾಟ್‌ಗನ್ನಿನ ನಳಿಗೆ ಒಳಗೆ ನುಣುಪಾಗಿರುತ್ತದೆ. ಅದರ ತೋಟಾದಲ್ಲಿ ಒಂದು ಗುಂಡಿನ ಬದಲು ಹಲವು ಚರೆಗಳಿರುತ್ತವೆ. ಹಕ್ಕಿಗೆ ಹೊಡೆಯುವ ತೋಟಾದಲ್ಲಿ ನೂರಾರು ಸಣ್ಣ ಚರೆ. ಜಿಂಕೆಯಂಥ ಪ್ರಾಣಿಗೆ, ಯುದ್ಧಕ್ಕೆ, ಪೊಲೀಸ್ ಕೆಲಸಕ್ಕೆ ಬಳಸುವ ತೋಟಾದಲ್ಲಿ ಸುಮಾರು 8.4 ಮಿಲಿಮೀಟರ್ ಅಗಲದ ಎಂಟೊಂಬತ್ತು ದೊಡ್ಡ ಚರೆ.

ಹೆಸರಿನಲ್ಲಿರುವ ಹನ್ನೆರಡು ನಳಿಗೆಯ ಅಗಲದ ಅಳತೆ. ಅದಕ್ಕೆ ಬೋರ್ ಅನ್ನುತ್ತಾರೆ. ಅದು ಹಳೆಯ ಲೆಕ್ಕ. ನಳಿಗೆಯೊಳಗೆ ಸರಿಯಾಗಿ ಕೂರುವಂಥ ಸೀಸದ ಗುಂಡುಗಳನ್ನು ಎರಕ ಹೊಯ್ದರೆ, ಹನ್ನೆರಡು ಗುಂಡು ಸೇರಿ ಒಂದು ಪೌಂಡ್ ತೂಗಬೇಕು. ಆಗ ನಳಿಗೆಯ ಅಗಲ ಸುಮಾರು 18.5 ಮಿಲಿಮೀಟರ್ ಆಗುತ್ತದೆ. ಮಲೆನಾಡಿನಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದು ಇಟ್ಟುಕೊಳ್ಳುವ ಒಂಟಿ ನಳಿಗೆ, ಜೋಡಿ ನಳಿಗೆಯ ತೋಟಾ ಕೋವಿಗಳಲ್ಲಿ, ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜಿಸುವ ಕೋವಿಗಳಲ್ಲಿ ಬಹಳಷ್ಟು ಇದೇ ಹನ್ನೆರಡು ಬೋರಿನವು. ಸ್ಪಾಸ್-12 ನುಂಗುತ್ತಿದ್ದದ್ದೂ ಇದೇ ಅಳತೆಯ ತೋಟಾ. ಅಂದರೆ ಅದರ ಏಟಿನಲ್ಲಿ ಮಾಯ ಮಂತ್ರ ಏನೂ ಇಲ್ಲ. ಅದೇ ತೋಟಾ ಯಾವ ಕೋವಿಯಿಂದ ಹಾರಿದರೂ ಚರೆಗಳ ಬಲ ಹೆಚ್ಚುಕಡಿಮೆ ಅಷ್ಟೇ. ಬೇರೆಯಾಗುವುದು ಎಷ್ಟು ಬೇಗ ಮುಂದಿನ ತೋಟಾ ಬರುತ್ತದೆ, ಒಟ್ಟು ಎಷ್ಟು ತೋಟಾ ಹಿಡಿಸುತ್ತವೆ ಅನ್ನುವುದು ಮಾತ್ರ.

ಆಟ ಮತ್ತು ಸಿನಿಮಾಗಳು ಈ ವಿಚಾರದಲ್ಲಿ ಎರಡು ತಪ್ಪು ತಿಳಿವಳಿಕೆ ಬೆಳೆಸಿವೆ. ಒಂದು, ಶಾಟ್‌ಗನ್ ಹೊಡೆದರೆ ಇಡೀ ಕೋಣೆಗೆ ಚರೆ ಹರಡುತ್ತದೆ ಅನ್ನುವುದು. ನಿಜದಲ್ಲಿ ದೊಡ್ಡ ಚರೆಗಳು ಅಷ್ಟು ಬೇಗ ಹರಡುವುದಿಲ್ಲ. ಪ್ರತಿ ಗಜ ದೂರಕ್ಕೆ ಸುಮಾರು ಒಂದು ಅಂಗುಲ ಅಂತ ಒಂದು ಒರಟು ಲೆಕ್ಕ ಇದೆ. ಐದು ಗಜದ ಕೋಣೆಯಲ್ಲಿ ಹರವು ಒಂದು ಅಂಗೈಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹತ್ತು ಹೆಜ್ಜೆ ಆಚೆ ಶಾಟ್‌ಗನ್ ಕೆಲಸಕ್ಕೆ ಬಾರದು ಅನ್ನುವುದೂ ಆಟಗಳು ಸಮತೋಲಕ್ಕಾಗಿ ಕಟ್ಟಿದ ನಿಯಮವೇ. ಎರಡನೆಯದು, ಏಟು ತಿಂದವನು ಹಾರಿ ಹಿಂದಕ್ಕೆ ಬೀಳುತ್ತಾನೆ ಅನ್ನುವುದು. ಒಂಬತ್ತು ದೊಡ್ಡ ಚರೆಗಳ ತೂಕ ಸುಮಾರು 32 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 400 ಮೀಟರ್. 70 ಕಿಲೋ ತೂಕದ ಮನುಷ್ಯನಿಗೆ ಅದರ ಅಷ್ಟೂ ತಳ್ಳು ಸಿಕ್ಕಿದರೂ ಅವನು ಹಿಂದೆ ಸರಿಯುವ ವೇಗ ಸೆಕೆಂಡಿಗೆ 20 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಅಷ್ಟೇ ತಳ್ಳು ಹೊಡೆದವನ ಭುಜಕ್ಕೂ ಬೀಳುತ್ತದೆ. ಅವನು ನಿಂತೇ ಇರುತ್ತಾನೆ, ಅಲ್ವಾ? ಚರೆಯ ಭೀಕರತೆ ತಳ್ಳುವುದರಲ್ಲಿಲ್ಲ, ಮೈಗೆ ಮಾಡುವ ಗಾಯಗಳಲ್ಲಿದೆ.

ಕಂದಕದಿಂದ ಬಂದ ತಗಡು

ಬೇಟೆಯ ಬಂದೂಕನ್ನು ಯುದ್ಧಕ್ಕೆ ಹೊಂದಿಸುವ ಕೆಲಸ ಸ್ಪಾಸ್‌ಗಿಂತ ಬಹಳ ಹಿಂದಿನದು. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1897 ಒಂದು ಪಂಪ್ ಶಾಟ್‌ಗನ್. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ. ಮುಂಗೈ ಹಿಡಿಯನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಒಳಗೆ ಕೂರುತ್ತದೆ.

1917ರಲ್ಲಿ ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳಿದಾಗ ಹೋರಾಟ ಕಂದಕಗಳಲ್ಲಿತ್ತು. ತಿರುವಿನಲ್ಲಿ ಎದುರಾಗುವ ಶತ್ರು ನಾಲ್ಕೈದು ಹೆಜ್ಜೆ ದೂರದಲ್ಲಿ ಇರುತ್ತಿದ್ದ. ಉದ್ದನೆಯ ರೈಫಲ್ ಅಲ್ಲಿ ತಿರುಗಿಸಲೂ ಕಷ್ಟ. ಹಾಗಾಗಿ ವಿಂಚೆಸ್ಟರಿನ ನಳಿಗೆ ಕತ್ತರಿಸಿ ಗಿಡ್ಡ ಮಾಡಿದರು. ತುದಿಗೆ ಬಯೋನೆಟ್ ಸಿಕ್ಕಿಸಲು ಜಾಗ ಮಾಡಿದರು. ಬಯೋನೆಟ್ಟಿನಿಂದ ತಿವಿಯುವಾಗ ನಳಿಗೆಯನ್ನು ಹಿಡಿಯಬೇಕು. ಕಾದ ನಳಿಗೆ ಕೈ ಸುಡಬಾರದಲ್ಲ, ಅದಕ್ಕೆ ತೂತುಗಳ ತಗಡು ಹೊದಿಸಿದರು. ಈ ತಗಡೇ ಅರವತ್ತು ವರ್ಷದ ನಂತರ ಸ್ಪಾಸ್‌ನ ಮೈಮೇಲೂ ಬಂತು. ಕಂದಕದಲ್ಲಿ ಹುಟ್ಟಿದ ಒಂದು ಅಗತ್ಯ ಕಾಲ ಕಳೆದಂತೆ ಯುದ್ಧದ ಶಾಟ್‌ಗನ್ನಿನ ಗುರುತೇ ಆಗಿಹೋಯಿತು.

1918ರ ಸೆಪ್ಟೆಂಬರಿನಲ್ಲಿ ಜರ್ಮನಿ ಈ ಬಂದೂಕಿನ ವಿರುದ್ಧ ಅಧಿಕೃತವಾಗಿ ದೂರಿತು. ಅನಗತ್ಯ ನೋವು ಕೊಡುವ ಆಯುಧಗಳನ್ನು ಹೇಗ್ ಒಪ್ಪಂದ ನಿಷೇಧಿಸಿದೆ, ಇಂಥ ಬಂದೂಕು ಅಥವಾ ತೋಟಾ ಇಟ್ಟುಕೊಂಡು ಸಿಕ್ಕಿಬಿದ್ದ ಸೈನಿಕನ ಪ್ರಾಣ ಉಳಿಯುವುದಿಲ್ಲ ಎಂದು ಎಚ್ಚರಿಸಿತು. ಅಮೆರಿಕದ ವಿದೇಶಾಂಗ ಸಚಿವ ರಾಬರ್ಟ್ ಲ್ಯಾನ್ಸಿಂಗ್ ಆ ವಾದವನ್ನು ತಳ್ಳಿಹಾಕಿದರು. ಹಾಗೇನಾದರೂ ಮಾಡಿದರೆ ಪ್ರತೀಕಾರ ಖಂಡಿತ ಎಂದರು. ನವೆಂಬರಿನಲ್ಲಿ ಯುದ್ಧವೇ ಮುಗಿಯಿತು. ಆದರೆ ವಿಷಾನಿಲ ಬಳಸಿದ್ದ ಯುದ್ಧದಲ್ಲೂ ಒಂದು ಶಾಟ್‌ಗನ್ ಇಷ್ಟು ಕಳವಳ ಹುಟ್ಟಿಸಿತು ಅನ್ನುವುದು ನೆನಪಿಡಬೇಕಾದ ಸಂಗತಿ. ಹತ್ತಿರದಿಂದ ಅದನ್ನು ಎದುರಿಸಿದವರ ಭಯ ಎಂಥದ್ದು ಅಂತ ಅದರಿಂದ ತಿಳಿಯುತ್ತದೆ.

ಪಂಪ್ ಬೇಕೋ, ಆಟೋ ಬೇಕೋ

ಇಲ್ಲಿಂದ ಸ್ಪಾಸ್‌ನ ಮುಖ್ಯ ಗಂಟಿಗೆ ಬರೋಣ.

ಪಂಪ್ ಬಂದೂಕಿಗೆ ಬೇಕಾಗುವುದು ಮನುಷ್ಯನ ತೋಳಿನ ಶಕ್ತಿ. ಯಾವ ತೋಟಾ ಹಾಕಿದರೂ ಅದಕ್ಕೆ ವ್ಯತ್ಯಾಸವಿಲ್ಲ. ಆದರೆ ಗಾಬರಿಯಲ್ಲಿ ಮನುಷ್ಯ ಹಿಡಿಯನ್ನು ಪೂರ್ತಿ ಎಳೆಯುವುದಿಲ್ಲ. ಅರ್ಧ ಎಳೆದರೆ ತೋಟಾ ಸಿಕ್ಕಿಕೊಳ್ಳುತ್ತದೆ. ಒಂದು ಕೈಗೆ ಗಾಯವಾದರೆ ಪಂಪ್ ಮಾಡುವುದೇ ಕಷ್ಟ.

ಸೆಮಿ ಆಟೋ ಬಂದೂಕು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಸ್ಪಾಸ್‌ನಂಥ ಗ್ಯಾಸ್ ಚಾಲಿತ ಬಂದೂಕಿನಲ್ಲಿ ನಳಿಗೆಗೆ ಸಣ್ಣ ರಂಧ್ರ ಇರುತ್ತದೆ. ಮದ್ದು ಸಿಡಿದಾಗ ಹುಟ್ಟುವ ಅನಿಲದ ಒಂದು ಪಾಲು ಆ ರಂಧ್ರದಿಂದ ಇಳಿದು ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ. ಪಿಸ್ಟನ್ ನಳಿಗೆಯ ಹಿಂಬಾಯಿ ಮುಚ್ಚಿರುವ ಬೋಲ್ಟನ್ನು ದೂಡುತ್ತದೆ. ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಟ್ರಿಗರ್ ಒತ್ತಿದಷ್ಟು ಸಲ ಗುಂಡು. ಒದೆತವೂ ಸ್ವಲ್ಪ ಮೆತ್ತಗಾಗುತ್ತದೆ, ಯಾಕೆಂದರೆ ಅದು ಒಂದೇ ಏಟಿಗೆ ಬರದೆ ಸ್ವಲ್ಪ ಹೊತ್ತು ಹರಡಿಕೊಂಡು ಬರುತ್ತದೆ.

ತೊಡಕು ಏನೆಂದರೆ ಆ ಅನಿಲ. ಅದಕ್ಕೆ ಸಾಕಷ್ಟು ಒತ್ತಡ ಬೇಕು. ಪೊಲೀಸರು ಶಾಟ್‌ಗನ್ನಿನಲ್ಲಿ ಹಾಕುವುದು ಬರೀ ಚರೆ ತೋಟಾ ಅಲ್ಲ. ಅಶ್ರುವಾಯುವಿನದ್ದು ಇದೆ, ರಬ್ಬರಿನದ್ದು ಇದೆ, ಚರೆ ತುಂಬಿದ ಸಣ್ಣ ಬಟ್ಟೆ ಚೀಲ ಎಸೆಯುವ ಬೀನ್‌ಬ್ಯಾಗ್ ಇದೆ. ಕೊಲ್ಲದೆ ತಡೆಯುವುದು ಇವುಗಳ ಉದ್ದೇಶ. ಹಾಗಾಗಿ ಮದ್ದು ಕಡಿಮೆ. ಮದ್ದು ಕಡಿಮೆಯಾದರೆ ಒತ್ತಡ ಕಡಿಮೆ. ಪಿಸ್ಟನ್ ಅರ್ಧಕ್ಕೆ ನಿಲ್ಲುತ್ತದೆ. ಬಂದೂಕು ಕಟ್ಟಿಕೊಳ್ಳುತ್ತದೆ.

ಹೀಗಾಗಿ ಪೊಲೀಸ್ ತಂಡದ ಮುಂದೆ ಎರಡು ದಾರಿ. ಬೇಗ ಹೊಡೆಯಲು ಒಂದು ಆಟೋ, ಬಗೆಬಗೆಯ ತೋಟಾಗಳಿಗೆ ಒಂದು ಪಂಪ್ ಅಂತ ಎರಡು ಬಂದೂಕು ಹೊರಬೇಕು. ಇಲ್ಲವೇ ಎರಡನ್ನೂ ಮಾಡುವ ಒಂದನ್ನು ಹುಡುಕಬೇಕು. ಫ್ರಾಂಕಿ ಎರಡನೆಯ ದಾರಿ ಹಿಡಿಯಿತು.

1970ರ ದಶಕದ ಇಟಲಿಯನ್ನು ನೆನೆದರೆ ಈ ಯೋಚನೆಗೆ ಗಿರಾಕಿ ಇದ್ದದ್ದು ಯಾಕೆ ಅಂತ ಗೊತ್ತಾಗುತ್ತದೆ. ಬಾಂಬು, ಅಪಹರಣ, ಬೀದಿಯಲ್ಲಿ ಗುಂಡಿನ ಕೊಲೆಗಳಿಂದ ಆ ದೇಶ ತತ್ತರಿಸಿತ್ತು. 1978ರ ಮಾರ್ಚ್ 16ರಂದು ಮಾಜಿ ಪ್ರಧಾನಿ ಆಲ್ದೊ ಮೋರೋ ಅವರನ್ನು ರೆಡ್ ಬ್ರಿಗೇಡ್ಸ್ ಎಂಬ ಉಗ್ರ ಎಡಪಂಥೀಯ ಸಂಘಟನೆ ರೋಮ್ ನಗರದಲ್ಲಿ ಅಪಹರಿಸಿತು. ಆ ದಾಳಿಯಲ್ಲಿ ಅವರ ಐವರು ಅಂಗರಕ್ಷಕರು ಸತ್ತರು. ಮೇ ತಿಂಗಳಲ್ಲಿ ಮೋರೋ ಅವರನ್ನೂ ಕೊಂದರು. ಅದೇ ವರ್ಷ ಇಟಲಿಯ ಪೊಲೀಸರು ಮತ್ತು ಕಾರಾಬಿನಿಯೇರಿ ಎಂಬ ಸೈನಿಕ ಪೊಲೀಸ್ ಪಡೆ ತಮ್ಮ ತಮ್ಮ ವಿಶೇಷ ದಳಗಳನ್ನು ಕಟ್ಟಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್ ಹತ್ಯಾಕಾಂಡದ ನಂತರ ಜರ್ಮನಿ, ಫ್ರಾನ್ಸ್ ಆಗಲೇ ಇಂಥ ದಳಗಳನ್ನು ಮಾಡಿಕೊಂಡಿದ್ದವು. ಯೂರೋಪಿನಲ್ಲಿ ಹೊಸದೊಂದು ಕೊಳ್ಳುಗರ ವರ್ಗ ಹುಟ್ಟಿತ್ತು. ಫ್ರಾಂಕಿ 1868ರಿಂದ ಬಂದೂಕು ಮಾಡುತ್ತಿದ್ದ ಕಂಪನಿ. ಬೇಟೆಯ ಆಟೋ ಶಾಟ್‌ಗನ್‌ಗಳಲ್ಲಿ ಅದಕ್ಕೆ ಒಳ್ಳೆ ಪಳಗಿದ ಕೈ. ಈ ಬಾರಿ ಅವರು ಬೇಟೆಯ ಬಂದೂಕನ್ನು ತಿದ್ದಲಿಲ್ಲ. ಮೊದಲಿನಿಂದಲೇ ಪೊಲೀಸ್ ಮತ್ತು ಸೇನೆಗೆಂದು ಹೊಸದನ್ನು ರೂಪಿಸಿದರು.

ಮೈಮೇಲಿನ ಒಂದೊಂದು ಭಾಗ

ಸ್ಪಾಸ್-12ರ ಮುಂಗೈ ಹಿಡಿಯ ಕೆಳಗೆ ಒಂದು ಗುಂಡಿ ಇದೆ. ಅದನ್ನು ಒತ್ತಿ ಹಿಡಿಯನ್ನು ಮುಂದಕ್ಕೆ ತಳ್ಳಿ ಕೂರಿಸಿದರೆ ಬಂದೂಕು ಸೆಮಿ ಆಟೋ. ಮತ್ತೆ ಒತ್ತಿ ಹಿಂದಕ್ಕೆ ಬಿಡಿಸಿಕೊಂಡರೆ ಪಂಪ್. ಇಡೀ ಬಂದೂಕಿನ ಜೀವಾಳ ಇದೇ. ಗ್ಯಾಸ್ ಪಿಸ್ಟನ್ ತೋಟಾ ಕೊಳವೆಯ ಸುತ್ತ ಉಂಗುರದ ಹಾಗೆ ಕೂತಿದೆ. ಅದರ ಸುತ್ತ ಪಂಪಿನ ಹಿಡಿ. ಒಂದರ ಮೇಲೊಂದು ಪದರ. ಹಿಡಿ ಅಷ್ಟು ದಪ್ಪಗಿರುವುದು ಇದಕ್ಕೇ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ಆ ದಪ್ಪದೊಳಗೆ ಎರಡು ಯಂತ್ರಗಳು ಒಂದೇ ಜಾಗ ಹಂಚಿಕೊಂಡಿವೆ. ಇಂಥ ಕೆಲಸದ ಹಿಂದಿನ ತಾಳ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಕೊಳವೆಯಲ್ಲಿ ಎಂಟು ತೋಟಾ. ಜೊತೆಗೆ ಮ್ಯಾಗಝೀನ್ ಕಟ್-ಆಫ್ ಎಂಬ ಏರ್ಪಾಡು ಕೂಡ ಇತ್ತು. ಅದನ್ನು ಹಾಕಿದರೆ ಕೊಳವೆಯಿಂದ ತೋಟಾ ಬರುವುದು ನಿಲ್ಲುತ್ತದೆ. ಒಳಗೆ ಚರೆ ತೋಟಾಗಳನ್ನು ಹಾಗೇ ಉಳಿಸಿಕೊಂಡು, ಅಶ್ರುವಾಯುವಿನ ಒಂದೇ ತೋಟಾವನ್ನು ನೇರವಾಗಿ ನಳಿಗೆಗೆ ಹಾಕಿ ಹೊಡೆಯಬಹುದು. ಬಗೆಬಗೆಯ ತೋಟಾ ಬಳಸುವವರ ಕಷ್ಟ ಗೊತ್ತಿದ್ದವರು ಮಾತ್ರ ಇದನ್ನು ಯೋಚಿಸಬಲ್ಲರು.

ಇನ್ನು ಆ ಕೊಕ್ಕೆ. ಬಹಳ ಜನ ಅದನ್ನು ಎತ್ತಿಕೊಂಡು ಹೋಗುವ ಹಿಡಿ ಅಂದುಕೊಳ್ಳುತ್ತಾರೆ. ಅದರ ಉದ್ದೇಶವೇ ಬೇರೆ. ಬಟ್ ಬಿಚ್ಚಿ, ತುದಿಯ ಕೊಕ್ಕೆಯನ್ನು ಅಡ್ಡಕ್ಕೆ ತಿರುಗಿಸಿದರೆ ಅದು ಮುಂದೋಳಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬಂದೂಕಿನ ಮೂತಿ ಕೆಳಗೆ ಬಾಗದಂತೆ ತಡೆಯುತ್ತದೆ. ಆಗ ಇನ್ನೊಂದು ಕೈ ಬೇರೆ ಕೆಲಸದಲ್ಲಿದ್ದರೂ ಒಂದೇ ಕೈಯಲ್ಲಿ ಹೊಡೆಯಬಹುದು. ಕಾಗದದ ಮೇಲೆ ಜಾಣ ಯೋಚನೆ. ಆದರೆ ನಾಲ್ಕೂವರೆ ಕಿಲೋ ಭಾರ, ಹನ್ನೆರಡು ಬೋರಿನ ಒದೆತ, ಎರಡನ್ನೂ ಒಂದೇ ತೋಳಿನ ಮೇಲೆ ತಾಳಿಕೊಂಡು ಗುರಿ ಹಿಡಿಯುವುದು ಎಷ್ಟು ಜನರಿಗೆ ಸಾಧ್ಯ? ಇಡೀ ಬಂದೂಕಿನಲ್ಲಿ ಕೆಲಸಕ್ಕಿಂತ ಆಸೆ ದೊಡ್ಡದಾದ ಜಾಗ ಇದೊಂದೇ ಅಂತ ನನಗನಿಸುತ್ತದೆ.

ಮೂತಿಗೆ ಸಿಕ್ಕಿಸುವ ಸಲಕರಣೆಗಳೂ ಇದ್ದವು. ಅದರಲ್ಲಿ ಒಂದು ಚರೆಯನ್ನು ಅಡ್ಡಕ್ಕೋ ಉದ್ದಕ್ಕೋ ಹರಡುವಂತೆ ಮಾಡುವಂಥದ್ದು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ನೌಕಾ ಕಮಾಂಡೋಗಳು ಇಥಾಕಾ 37 ಬಂದೂಕುಗಳಿಗೆ ಬಾತುಕೋಳಿ ಕೊಕ್ಕಿನಂಥ ಮೂತಿ ಹಾಕಿ ಇದೇ ಪ್ರಯೋಗ ಮಾಡಿದ್ದರು.

ಎಲ್ಲ ಸೇರಿ ಖಾಲಿ ಬಂದೂಕಿನ ತೂಕ ಸುಮಾರು 4.4 ಕಿಲೋ. ಎಂಟು ತೋಟಾ ತುಂಬಿದರೆ ಇನ್ನೂ ನಾಲ್ಕುನೂರು ಗ್ರಾಂ. ರೆಮಿಂಗ್ಟನ್ 870ರಂಥ ಸಾದಾ ಪಂಪ್ ಬಂದೂಕು ಅದಕ್ಕಿಂತ ಸುಮಾರು ಒಂದು ಕಿಲೋ ಹಗುರ. ಮೆಟ್ಟಿಲು ಹತ್ತಿ, ಬಾಗಿಲು ಒಡೆದು, ಗಂಟೆಗಟ್ಟಲೆ ಕಾಯುವ ಪೊಲೀಸನಿಗೆ ಆ ಒಂದು ಕಿಲೋ ತುಂಬಾ ದೊಡ್ಡದು. ತೋಟಾ ತುಂಬುವಾಗ ಬದಿಯ ಗುಂಡಿಯನ್ನೂ ಒತ್ತಬೇಕಿತ್ತು. ಅಂದರೆ ಸಾದಾ ಪಂಪ್‌ಗಿಂತ ತರಬೇತಿಯೂ ಜಾಸ್ತಿ ಬೇಕು.

ಇದಕ್ಕಿಂತ ಗಂಭೀರವಾದ ದೋಷ ಮೊದಲ ಮಾದರಿಗಳ ಸೇಫ್ಟಿಯಲ್ಲಿ, ಅಂದರೆ ಅಕಸ್ಮಾತ್ತಾಗಿ ಗುಂಡು ಹಾರದಂತೆ ತಡೆಯುವ ಭಾಗದಲ್ಲಿತ್ತು. ಅದು ಸಣ್ಣ ಸನ್ನೆಯಂಥ ಕೀಲಿ. ಅದನ್ನು ಸರಿಸುವಾಗ ಟ್ರಿಗರ್ ಮುಟ್ಟದೆಯೇ ಗುಂಡು ಹಾರುವ ಅಪಾಯ ಕಂಡುಬಂತು. ಸೇಫ್ಟಿಯೇ ಗುಂಡು ಹಾರಿಸುವುದಕ್ಕಿಂತ ದೊಡ್ಡ ತಪ್ಪು ಬಂದೂಕಿನಲ್ಲಿ ಇರಲಾರದು. ಆ ಭಾಗವನ್ನು ಬದಲಿಸಿಕೊಡಲು ಬಂದೂಕುಗಳನ್ನು ವಾಪಸ್ ಕರೆಸಿಕೊಂಡರು. ಆಮೇಲಿನ ಮಾದರಿಗಳಲ್ಲಿ ಅಡ್ಡಕ್ಕೆ ಒತ್ತುವ ಗುಂಡಿಯಂಥ ಸೇಫ್ಟಿ ಬಂತು. ಹಳೆಯ ಸ್ಪಾಸ್ ಕೊಳ್ಳುವ ಸಂಗ್ರಾಹಕರು ಇಂದಿಗೂ ಮೊದಲು ನೋಡುವುದು ಸೇಫ್ಟಿ ಯಾವುದು ಅಂತ.

ತೆರೆಯ ಮೇಲೆ

1984ರ 'ದಿ ಟರ್ಮಿನೇಟರ್' ಚಿತ್ರದಲ್ಲಿ ಭವಿಷ್ಯದಿಂದ ಬಂದ ಯಂತ್ರಮಾನವ ಬಂದೂಕಿನ ಅಂಗಡಿಗೆ ಹೋಗುತ್ತಾನೆ. ಅಂಗಡಿಯವನೇ ಈ ಬಂದೂಕನ್ನು ಪರಿಚಯಿಸುತ್ತಾನೆ. ಇದು ಇಟಲಿಯದು, ಪಂಪ್ ಆಗಿಯೂ ಆಟೋ ಆಗಿಯೂ ಬಳಸಬಹುದು ಎಂಬ ವಿವರವನ್ನು ಅವನ ಬಾಯಲ್ಲೇ ಹೇಳಿಸಿದ್ದಾರೆ. ಆಮೇಲೆ ಪೊಲೀಸ್ ಠಾಣೆಯ ದೃಶ್ಯದಲ್ಲಿ ಆರ್ನಾಲ್ಡ್ ಶ್ವಾರ್ಜೆನೆಗರ್ ಒಂದು ಕೈಯಲ್ಲಿ ರೈಫಲ್, ಇನ್ನೊಂದು ಕೈಯಲ್ಲಿ ಸ್ಪಾಸ್ ಹಿಡಿದು ನಡೆಯುತ್ತಾರೆ. ಸಾಮಾನ್ಯ ಮನುಷ್ಯನಿಗೆ ಎರಡು ಕೈಗೂ ಭಾರವಾದ ಬಂದೂಕನ್ನು ಒಂದೇ ಕೈಯಲ್ಲಿ ಹಿಡಿದವನು ಮನುಷ್ಯನಲ್ಲ ಅಂತ ಮಾತಿಲ್ಲದೆ ತೋರಿಸಿದ ಹಾಗಾಯಿತು. ಪೊಲೀಸರು ದೂರುತ್ತಿದ್ದ ಭಾರ ಇಲ್ಲಿ ಕಥೆಗೆ ನೆರವಾಯಿತು.

1993ರ 'ಜುರಾಸಿಕ್ ಪಾರ್ಕ್' ಚಿತ್ರದಲ್ಲಿ ನೆರವಾದದ್ದು ಮಡಚುವ ಬಟ್. ಉದ್ಯಾನದ ಕಾವಲುಗಾರ ಮಲ್ಡೂನ್ ಕಾಡಿನಲ್ಲಿ ರ‍್ಯಾಪ್ಟರನ್ನು ಗುರಿ ಹಿಡಿಯಲು ಸ್ಪಾಸ್‌ನ ಬಟ್ಟನ್ನು ನಿಧಾನವಾಗಿ ಬಿಚ್ಚುತ್ತಾನೆ. ಆ ನಿಧಾನವೇ ಉದ್ವೇಗ ಕಟ್ಟುತ್ತದೆ. ಸಾದಾ ಬಂದೂಕಾಗಿದ್ದರೆ ಆ ಕ್ಷಣದಲ್ಲಿ ಕೈಗೆ ಮಾಡಲು ಏನೂ ಇರುತ್ತಿರಲಿಲ್ಲ.

ಚಿತ್ರೀಕರಣಕ್ಕೆ ಇನ್ನೊಂದು ಅನುಕೂಲವೂ ಇದೆ. ಸಿನಿಮಾದಲ್ಲಿ ಬಳಸುವುದು ಬರೀ ಮದ್ದಿನ ತೋಟಾ, ಅದರಲ್ಲಿ ಚರೆ ಇರುವುದಿಲ್ಲ. ತಡೆಯಲು ಏನೂ ಇಲ್ಲದ್ದರಿಂದ ಒತ್ತಡ ಕಟ್ಟುವುದಿಲ್ಲ. ಗ್ಯಾಸ್ ಬಂದೂಕುಗಳನ್ನು ಅದಕ್ಕೆಂದೇ ಮಾರ್ಪಡಿಸಬೇಕು. ಪಂಪ್ ಮೋಡಿನಲ್ಲಿ ಆ ತಲೆನೋವು ಇಲ್ಲ. ಅಶ್ರುವಾಯು ತೋಟಾಕ್ಕೆ ಮಾಡಿದ ಉಪಾಯ ಶೂಟಿಂಗ್ ಸೆಟ್ಟಿನಲ್ಲೂ ಕೆಲಸಕ್ಕೆ ಬರುವಂಥದ್ದು. ಅದರ ಮೇಲೆ ಪಂಪ್ ಎಳೆಯುವ ಆ 'ಚಕ್-ಚಕ್' ಸದ್ದು. ನೋಡುಗನಿಗೆ ಏನೋ ಆಗಲಿದೆ ಅಂತ ಹೇಳಲು ಅದಕ್ಕಿಂತ ಬೇರೆ ಸಂಗೀತ ಬೇಡ.

ಆಟಗಳು ಸಿನಿಮಾದಿಂದ ಕಲಿತವು. 1998ರ ಹಾಫ್-ಲೈಫ್ ಆಟದ ಶಾಟ್‌ಗನ್ ಸ್ಪಾಸ್-12. ಅದರಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ಎರಡು ತೋಟಾ ಒಟ್ಟಿಗೆ ಸಿಡಿಯುತ್ತವೆ. ನಿಜವಾದ ಬಂದೂಕಿಗೆ ಇರುವುದು ಒಂದೇ ನಳಿಗೆ. ಕೆಳಗಿನದು ತೋಟಾ ಕೊಳವೆ. ಅದರಿಂದ ಗುಂಡು ಹಾರುವುದು ಸಾಧ್ಯವೇ ಇಲ್ಲ. ಆದರೂ ಮುಂದಿನಿಂದ ನೋಡಿದರೆ ಎರಡು ದಪ್ಪ ಕೊಳವೆ ಕಾಣುವುದರಿಂದ ಆಡುವವರಿಗೆ ಅದು ಸಹಜ ಅನಿಸಿತು. ಆಮೇಲೆ ಬಂದ ಬಹಳ ಆಟಗಳು ಸ್ಪಾಸ್ ಅನ್ನು ಬರೀ ಪಂಪ್ ಬಂದೂಕಾಗಿ ತೋರಿಸಿದವು. ಅದು ಹುಟ್ಟಿದ್ದೇ ಎರಡು ಬಗೆಯಲ್ಲಿ ಕೆಲಸ ಮಾಡಲು. ಆ ಮುಖ್ಯ ಗುಣವೇ ಜನಪ್ರಿಯ ನೆನಪಿನಿಂದ ಜಾರಿಹೋಯಿತು. ಉಳಿದದ್ದು ಆಕಾರ. ಜಪಾನಿನ ಟೋಕಿಯೋ ಮಾರುಯಿ ಕಂಪನಿ ಆ ಆಕಾರಕ್ಕೆ ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ರೂಪವನ್ನೂ ಕೊಟ್ಟಿತು.

ಆಕಾರಕ್ಕೆ ಬಂದ ಕುತ್ತು

ಆಕಾರದಿಂದ ಬಂದ ಹೆಸರು ಆಕಾರದಿಂದಲೇ ಕಾನೂನಿನ ಕಣ್ಣಿಗೂ ಬಿತ್ತು. ಅಮೆರಿಕದ 1968ರ ಕಾನೂನಿನ ಪ್ರಕಾರ ಹೊರದೇಶದ ಬಂದೂಕು ಕ್ರೀಡೆ, ಬೇಟೆಗೆ ತಕ್ಕದ್ದಾಗಿರಬೇಕು. 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಊರಿನ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಒಬ್ಬ ಗುಂಡು ಹಾರಿಸಿ ಐದು ಮಕ್ಕಳನ್ನು ಕೊಂದ. ಅವನು ಬಳಸಿದ್ದು ಎಕೆ ಮಾದರಿಯ ರೈಫಲ್. ಆ ದುಃಖ, ಆ ಸಿಟ್ಟಿನಿಂದ ಅದೇ ವರ್ಷ ಆ ರಾಜ್ಯ ಹೊಸ ಕಾನೂನು ತಂದಿತು. ನಿರ್ಬಂಧಿಸಿದ ಬಂದೂಕುಗಳ ಪಟ್ಟಿಯಲ್ಲಿ ಸ್ಪಾಸ್-12 ಮತ್ತು ಅದರ ಸೋದರ ಲಾ-12 ಹೆಸರು ಹೇಳಿಯೇ ಸೇರಿದವು.

1990ರಲ್ಲಿ ಫ್ರಾಂಕಿ ಹೆಸರಿನಲ್ಲಿದ್ದ 'ಸ್ಪೆಷಲ್' ತೆಗೆದು 'ಸ್ಪೋರ್ಟಿಂಗ್' ಹಾಕಿತು. ಮಡಚುವ ಬಟ್ ಬಿಟ್ಟು, ತೋಟಾ ಸಂಖ್ಯೆ ಇಳಿಸಿ ಮಾರಾಟ ಮುಂದುವರಿಸಿತು. 1994ರಲ್ಲಿ ಬಂದ ಅಮೆರಿಕದ ಕೇಂದ್ರ ಕಾನೂನು ಇನ್ನೂ ಬಿಗಿ. ಸೆಮಿ ಆಟೋ ಶಾಟ್‌ಗನ್ನಿಗೆ ಅದು ನಾಲ್ಕು ಲಕ್ಷಣ ಹೇಳಿತು. ಮಡಚುವ ಅಥವಾ ಉದ್ದ ಹೊಂದಿಸುವ ಬಟ್, ಎದ್ದು ಕಾಣುವ ಪಿಸ್ತೂಲ್ ಹಿಡಿ, ಐದಕ್ಕಿಂತ ಜಾಸ್ತಿ ತೋಟಾ, ಕಳಚುವ ಮ್ಯಾಗಝೀನ್ ಅಂದರೆ ತೋಟಾ ತುಂಬಿದ ಪೆಟ್ಟಿಗೆ. ಎರಡು ಇದ್ದರೆ ನಿಷೇಧ. ಮೂಲ ಸ್ಪಾಸ್‌ನಲ್ಲಿ ಮೂರು ಇದ್ದವು. ಆಮದು ನಿಂತಿತು. ಹತ್ತು ವರ್ಷದ ಅವಧಿ ಮುಗಿದು 2004ರಲ್ಲಿ ಆ ಕಾನೂನು ತಾನಾಗಿ ಬಿದ್ದುಹೋದಾಗ ಸ್ಪಾಸ್-12ರ ತಯಾರಿಕೆಯೇ ನಿಂತು ನಾಲ್ಕು ವರ್ಷವಾಗಿತ್ತು.

ಆ ಪಟ್ಟಿಯಲ್ಲಿ ಎಲ್ಲ ಲಕ್ಷಣಗಳೂ ಒಂದೇ ತೂಕದವಲ್ಲ ಅಂತ ನಾನು ನಂಬುತ್ತೇನೆ. ಹಿಡಿಯ ಆಕಾರ ಬದಲಾದರೆ ಚರೆಯ ಬಲ ಬದಲಾಗುವುದಿಲ್ಲ. ತೋಟಾ ಎಷ್ಟು ಹಿಡಿಸುತ್ತವೆ ಅನ್ನುವುದು ಹಾಗಲ್ಲ, ಅದರಿಂದ ಎಷ್ಟು ಜನರ ಜೀವ ಹೋಗಬಹುದು ಅನ್ನುವುದೇ ಬದಲಾಗುತ್ತದೆ.

ಮಾರುಕಟ್ಟೆಯಲ್ಲೂ ಸ್ಪಾಸ್‌ಗೆ ಪೈಪೋಟಿ ಹತ್ತಿರದಿಂದಲೇ ಬಂತು. ಇಟಲಿಯದ್ದೇ ಬೆನೆಲ್ಲಿ ಕಂಪನಿಯಲ್ಲಿ ಬ್ರೂನೋ ಚಿವೋಲಾನಿ ಬೇರೊಂದು ದಾರಿ ಹುಡುಕಿದ್ದರು. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆದರೆ ಒಳಗಿನ ಭಾರವಾದ ಬೋಲ್ಟ್ ಇದ್ದಲ್ಲೇ ಇರಲು ನೋಡುತ್ತದೆ. ನಡುವೆ ಸಿಕ್ಕಿದ ಗಟ್ಟಿ ಸ್ಪ್ರಿಂಗ್ ಅದುಮಿಕೊಂಡು, ಮರುಕ್ಷಣ ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಪಿಸ್ಟನ್ ಬೇಡ, ಗ್ಯಾಸ್ ರಂಧ್ರ ಬೇಡ. 1989ರ ಬೆನೆಲ್ಲಿ ಎಂ3 ಈ ತಂತ್ರಕ್ಕೆ ಪಂಪ್ ಸೇರಿಸಿತು. ಸ್ಪಾಸ್‌ನ ಹಾಗೆಯೇ ಎರಡು ಬಗೆಯ ಕೆಲಸ, ಆದರೆ ಸುಮಾರು ಒಂದು ಕಿಲೋ ಹಗುರ. ಫ್ರಾಂಕಿ ಮತ್ತು ಬೆನೆಲ್ಲಿ ಎರಡೂ ಕಾಲಕ್ರಮದಲ್ಲಿ ಬೆರೆಟ್ಟಾ ಎಂಬ ಇಟಲಿಯ ಬಂದೂಕು ಕಂಪನಿಯ ಕೈಗೆ ಬಂದವು. ಫ್ರಾಂಕಿ ತನ್ನ ಗಮನವನ್ನು ಕಳಚುವ ಮ್ಯಾಗಝೀನಿನ ಸ್ಪಾಸ್-15 ಕಡೆಗೆ ತಿರುಗಿಸಿತು. ಬೆನೆಲ್ಲಿಯ ಎಂ4 ಅನ್ನು 1999ರಲ್ಲಿ ಅಮೆರಿಕದ ಮೆರೀನ್ ಪಡೆ ಎಂ1014 ಹೆಸರಿನಲ್ಲಿ ತೆಗೆದುಕೊಂಡಿತು. ಕೌಂಟರ್-ಸ್ಟ್ರೈಕ್ ಆಡಿದವರಿಗೆ ಈ ಸಂಖ್ಯೆ ಗುರುತು ಸಿಗುತ್ತದೆ. ಎಂ4 ಬರೀ ಸೆಮಿ ಆಟೋ. ಪಂಪ್ ಇಲ್ಲವೇ ಇಲ್ಲ.

ಕೊಲ್ಲುವ ತೋಟಾ, ಕೊಲ್ಲದ ತೋಟಾ ಎರಡನ್ನೂ ಒಂದೇ ಬಂದೂಕಿನಲ್ಲಿ ಹಾಕುವ ಮೂಲ ಯೋಚನೆಯಿಂದಲೂ ಹಲವು ಪೊಲೀಸ್ ಇಲಾಖೆಗಳು ಹಿಂದೆ ಸರಿದಿವೆ. ಅದಕ್ಕೆ ಕಾರಣ ಯಂತ್ರವಲ್ಲ, ಮನುಷ್ಯ. ಗಾಬರಿಯಲ್ಲಿ ಒಳಗಿರುವುದು ಬೀನ್‌ಬ್ಯಾಗ್ ಅಂದುಕೊಂಡು ಚರೆ ತೋಟಾ ಹಾರಿಸಿದರೆ ಬದುಕಿಸಬೇಕೆಂದುಕೊಂಡವನೇ ಸಾಯುತ್ತಾನೆ. ಹಾಗಾಗಿ ಅಮೆರಿಕದ ಹಲವು ಕಡೆ ಈಗ ಬೀನ್‌ಬ್ಯಾಗಿಗೆಂದೇ ಬೇರೆ ಪಂಪ್ ಶಾಟ್‌ಗನ್ ಇರುತ್ತದೆ. ದೂರದಿಂದಲೇ ತಿಳಿಯಲೆಂದು ಅದರ ಬಟ್ ಮತ್ತು ಹಿಡಿಗೆ ಕಿತ್ತಳೆ ಬಣ್ಣ. ಕೊಲ್ಲುವ ತೋಟಾವನ್ನು ಅದಕ್ಕೆ ಹಾಕುವಂತಿಲ್ಲ.